ಎರಡು ಎಣ್ಣೆ ಮಾದರಿಗಳ ನಡುವಿನ ದಿನಗಳು

ಒಳಗಿನ ದೋಷದ ಸುಳಿವು ಕೊಡುವ ಅನಿಲಗಳು ಎಣ್ಣೆಯಲ್ಲಿ ಕರಗಿವೆಯೇ ಎಂದು ತಿಳಿಯಲು ಟ್ರಾನ್ಸ್‌ಫಾರ್ಮರ್‌ನ ತಳದ ವಾಲ್ವಿನಿಂದ ಎಣ್ಣೆಯ ಮಾದರಿ ತೆಗೆಯುವುದು ನೋಡುವವರಿಗೆ ಸುಲಭದ ಕೆಲಸವೆನಿಸುತ್ತದೆ. ವಾಲ್ವಿನ ಬಾಯಿಯನ್ನು ನಾರು ಬಿಡದ ಬಟ್ಟೆಯಿಂದ ಒರೆಸಿ, ಮೊದಲ ಒಂದೆರಡು ಲೀಟರ್ ಎಣ್ಣೆಯನ್ನು ಬಕೆಟ್ಟಿಗೆ ಹರಿಯಬಿಟ್ಟು, ಗಾಜಿನ ಸಿರಿಂಜನ್ನು ಮೂರು ದಾರಿಯ ಕಾಕ್‌ಗೆ ಸಿಕ್ಕಿಸಿ, ಒಮ್ಮೆ ತುಂಬಿ ಚೆಲ್ಲಿ, ಎರಡನೆಯ ಸಲ ತುಂಬುವಾಗ ಪಿಸ್ಟನ್ನನ್ನು ನಾವು ಎಳೆಯದೆ ಎಣ್ಣೆಯೇ ಹಿಂದಕ್ಕೆ ನೂಕಲು ಬಿಡಬೇಕು. ಅವಸರದಿಂದ ಎಳೆದರೆ ಗುಳ್ಳೆ ಹುಟ್ಟುತ್ತದೆ, ಮತ್ತು ಗುಳ್ಳೆ ಹುಟ್ಟಿತೆಂದರೆ ನಾವು ಅಳೆಯಲು ಹೊರಟ ಅನಿಲವೇ ಎಣ್ಣೆಯಿಂದ ಹೊರಬಂದಿದೆ ಎಂದರ್ಥ. ಆಮೇಲೆ ಸಿರಿಂಜಿಗೆ ಬೆಳಕು ತಾಗದಂತೆ ಕಪ್ಪು ಕಾಗದ ಸುತ್ತಿ, ಎಣ್ಣೆಯ ಉಷ್ಣತೆ, ಒಳಗಿನ ತಂತಿ ಸುರುಳಿಯಾದ ವೈಂಡಿಂಗ್‌ನ ಉಷ್ಣತೆ ಮತ್ತು ಆ ಹೊತ್ತಿನ ಲೋಡ್ ಬರೆದ ಚೀಟಿ ಅಂಟಿಸಿ, ಪೆಟ್ಟಿಗೆಯಲ್ಲಿ ನಿಲ್ಲಿಸಿ ಪ್ರಯೋಗಾಲಯಕ್ಕೆ ಕಳುಹಿಸುತ್ತೇವೆ. ವಿದ್ಯುತ್ ಇಲಾಖೆಯ ಪರೀಕ್ಷಾ ವಿಭಾಗದಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ನಾನು ಮಾಡಿದ ಕೆಲಸಗಳಲ್ಲಿ ಇದೂ ಒಂದು.

ಕೆಲವು ವರ್ಷಗಳ ಹಿಂದೆ ಒಂದು 66/11 ಕೆವಿ ಸಬ್‌ಸ್ಟೇಷನ್ನಿನ 20 ಎಂವಿಎ ಟ್ರಾನ್ಸ್‌ಫಾರ್ಮರ್‌ನಿಂದ ಫೆಬ್ರವರಿಯಲ್ಲಿ ಹೀಗೆ ಮಾದರಿ ತೆಗೆದೆವು. ವರದಿ ಎಲ್ಲ ರೀತಿಯಿಂದಲೂ ಚೆನ್ನಾಗಿತ್ತು. ಅಸಿಟಿಲೀನ್ ಇಲ್ಲವೆನ್ನುವಷ್ಟು ಕಡಿಮೆ, ಹೈಡ್ರೋಜನ್ ಹಿಂದಿನ ವರ್ಷದಷ್ಟೇ. ಜೂನ್ ಮೊದಲ ವಾರದಲ್ಲಿ ಅದೇ ಟ್ರಾನ್ಸ್‌ಫಾರ್ಮರ್ ಬುಖೋಲ್ಜ್ ಅಲಾರಂ, ಅಂದರೆ ಒಳಗೆ ಅನಿಲದ ಗುಳ್ಳೆ ಎದ್ದಿದೆ ಎಂಬ ಎಚ್ಚರಿಕೆ, ಕೊಟ್ಟಿತು. ಆಪರೇಟರ್ ಫೋನ್ ಮಾಡಿ ವಿಷಯ ತಿಳಿಸುತ್ತಿರುವಾಗಲೇ ಟ್ರಿಪ್ ಕೂಡ ಆಗಿ ತಾನಾಗಿ ಸೇವೆಯಿಂದ ಕಡಿದುಕೊಂಡಿತು. ಒಳಗಿಳಿದು ನೋಡಿದಾಗ ವೋಲ್ಟೇಜ್ ಹೊಂದಿಸುವ ಟ್ಯಾಪ್ ಚೇಂಜರ್‌ಗೆ ಹೋಗುವ ಒಂದು ಲೀಡ್ ತಂತಿಯ ಕ್ರಿಂಪ್ ಜೋಡಣೆ ಸಡಿಲಾಗಿ, ಅದರ ಸುತ್ತಲಿನ ನಿರೋಧಕ ಕಾಗದ ಇದ್ದಿಲಾಗಿತ್ತು. ಬೆರಳಿನಿಂದ ಮುಟ್ಟಿದರೆ ಪುಡಿಯಾಗಿ ಉದುರುತ್ತಿತ್ತು. ಟ್ರಾನ್ಸ್‌ಫಾರ್ಮರ್ ದುರಸ್ತಿಗೆ ಹೋಯಿತು, ಫೀಡರುಗಳ ಲೋಡನ್ನು ಪಕ್ಕದ ಸಬ್‌ಸ್ಟೇಷನ್ನಿಗೆ ಹಂಚಬೇಕಾಯಿತು, ಮುಂಗಾರು ಕೈಕೊಟ್ಟ ಆ ದಿನಗಳಲ್ಲಿ ರೈತರಿಗೆ ತ್ರೀ ಫೇಸ್ ಕೊಡುವ ಗಂಟೆಗಳನ್ನು ಕಡಿತ ಮಾಡಬೇಕಾಯಿತು. ನನ್ನೊಂದಿಗೆ ಫೆಬ್ರವರಿಯಲ್ಲಿ ಮಾದರಿ ತೆಗೆದಿದ್ದ ಹಿರಿಯ ಲೈನ್‌ಮ್ಯಾನ್ ಒಬ್ಬರು, "ಸಾರ್, ಅವತ್ತು ಎಣ್ಣೆ ಚೆನ್ನಾಗಿತ್ತಲ್ಲ, ಈ ಮೂರು ತಿಂಗಳಲ್ಲಿ ಅದು ಯಾರಿಗೂ ಹೇಳಲೇ ಇಲ್ವಾ?" ಎಂದು ಕೇಳಿದರು. ಅದು ಹೇಳಿತ್ತು, ಕೇಳಿಸಿಕೊಳ್ಳಲು ಅಲ್ಲಿ ಏನೂ ಇರಲಿಲ್ಲ. ಲೋಹದ ಆಕ್ಸೈಡಿನ ಅನಿಲ ಸಂವೇದಕಗಳ ಬಗ್ಗೆ ನಾನು ಓದತೊಡಗಿದ್ದು ಆ ಪ್ರಶ್ನೆಯ ನಂತರ.

ಟ್ರಾನ್ಸ್‌ಫಾರ್ಮರ್‌ನ ಖನಿಜ ತೈಲ ಉದ್ದುದ್ದ ಹೈಡ್ರೋಕಾರ್ಬನ್ ಅಣುಗಳ ಮಿಶ್ರಣ. ಒಳಗೆ ಎಲ್ಲಿಯಾದರೂ ಬಿಸಿ ಹೆಚ್ಚಾದರೆ ಅಥವಾ ಕಿಡಿ ಹಾರಿದರೆ ಆ ಅಣುಗಳು ಮುರಿದು ಸಣ್ಣ ಅನಿಲಗಳಾಗುತ್ತವೆ, ಮತ್ತು ಎಷ್ಟು ಬಿಸಿಗೆ ಮುರಿದವು ಎಂಬುದರ ಗುರುತು ಆ ಅನಿಲಗಳಲ್ಲೇ ಉಳಿಯುತ್ತದೆ. ಸುಮಾರು 150 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ಹೈಡ್ರೋಜನ್ ಮತ್ತು ಮೀಥೇನ್ ಕಾಣಿಸಿಕೊಳ್ಳುತ್ತವೆ. 250ರ ಹೊತ್ತಿಗೆ ಈಥೇನ್, 350ರ ಹೊತ್ತಿಗೆ ಎಥಿಲೀನ್ ಸೇರುತ್ತವೆ. ಅಸಿಟಿಲೀನ್ ಹುಟ್ಟಲು 500ರಿಂದ 700 ಡಿಗ್ರಿ ಬೇಕು, ಅದು ಹೇರಳವಾಗಿ ಸಿಕ್ಕಿತೆಂದರೆ ಒಳಗೆ ಆರ್ಕ್, ಅಂದರೆ ಉರಿಯುವ ವಿದ್ಯುತ್ ಕಿಡಿ, ನಡೆದಿದೆ ಎಂದೇ ತಿಳಿಯಬೇಕು. ಎಣ್ಣೆಯ ಜೊತೆಗೆ ಕಾಗದವೂ ಬೆಂದರೆ ಕಾರ್ಬನ್ ಮಾನಾಕ್ಸೈಡ್ ಮತ್ತು ಡೈಆಕ್ಸೈಡ್ ಏರುತ್ತವೆ. ಹಾಳಾದ ಎಣ್ಣೆಯನ್ನು ಫಿಲ್ಟರ್ ಮಾಡಬಹುದು, ಬದಲಿಸಲೂಬಹುದು, ಆದರೆ ವೈಂಡಿಂಗ್‌ಗೆ ಸುತ್ತಿದ ಕಾಗದವನ್ನು ಬದಲಿಸುವುದೆಂದರೆ ಟ್ರಾನ್ಸ್‌ಫಾರ್ಮರನ್ನೇ ಮತ್ತೆ ಕಟ್ಟಿದಂತೆ. ಆದ್ದರಿಂದ ಈ ಎರಡು ಅನಿಲಗಳನ್ನು ನಾವು ವಿಶೇಷ ಕಾಳಜಿಯಿಂದ ನೋಡುತ್ತೇವೆ.

ಈ ಅನಿಲಗಳನ್ನು ಬಳಸಿಕೊಂಡು ಟ್ರಾನ್ಸ್‌ಫಾರ್ಮರನ್ನು ಕಾಯುವ ಯೋಚನೆ ಹೊಸದೇನಲ್ಲ. ಜರ್ಮನಿಯ ಕಾಸೆಲ್‌ನಲ್ಲಿ ಮ್ಯಾಕ್ಸ್ ಬುಖೋಲ್ಜ್ 1921ರಲ್ಲಿ ರೂಪಿಸಿದ ರಿಲೇ, ಟ್ಯಾಂಕ್ ಮತ್ತು ಅದರ ಮೇಲಿನ ಎಣ್ಣೆತೊಟ್ಟಿಯಾದ ಕನ್ಸರ್ವೇಟರ್ ನಡುವಿನ ಪೈಪಿನಲ್ಲಿ ಕುಳಿತು, ಮೇಲೇಳುವ ಗುಳ್ಳೆಗಳನ್ನು ಹಿಡಿದಿಟ್ಟುಕೊಂಡು ತೇಲುಗುಂಡನ್ನು ಇಳಿಸುತ್ತದೆ. ನೂರು ವರ್ಷ ಕಳೆದರೂ ಅದು ಕನ್ಸರ್ವೇಟರ್ ಇರುವ ಹೆಚ್ಚಿನ ದೊಡ್ಡ ಟ್ರಾನ್ಸ್‌ಫಾರ್ಮರುಗಳ ಮೇಲೂ ಇದೆ, ಅದರ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ಅನಿಲದ ವಿಷಯದಲ್ಲಿ ಅದು ಗುಳ್ಳೆಯನ್ನು ಮಾತ್ರ ಕಾಣಬಲ್ಲದು. ಅನಿಲ ಮೊದಲು ಎಣ್ಣೆಯಲ್ಲಿ ಕರಗುತ್ತದೆ. ಎಣ್ಣೆ ಕರಗಿಸಿಕೊಳ್ಳಲಾರದಷ್ಟು ವೇಗದಲ್ಲಿ ಹುಟ್ಟಿದಾಗಲೇ ಗುಳ್ಳೆಯಾಗಿ ರಿಲೇಯನ್ನು ತಲುಪುತ್ತದೆ. ಕರಗಿದ ಅನಿಲವನ್ನು ಹೊರತೆಗೆದು ಗ್ಯಾಸ್ ಕ್ರೊಮೆಟೋಗ್ರಾಫ್‌ನಲ್ಲಿ ಬೇರ್ಪಡಿಸಿ ಅಳೆಯುವ ಪದ್ಧತಿ, ಅಂದರೆ ನಮ್ಮ ಬಾಯಲ್ಲಿ ಡಿಜಿಎ, ಈ ಕೊರತೆಯನ್ನು ತುಂಬಿತು. ಕೆನಡಾದ ಹೈಡ್ರೋ-ಕ್ವಿಬೆಕ್‌ನ ಮಿಶೆಲ್ ದುವಾಲ್ 1974ರಲ್ಲಿ ಮೀಥೇನ್, ಎಥಿಲೀನ್ ಮತ್ತು ಅಸಿಟಿಲೀನ್‌ಗಳ ಪಾಲನ್ನು ಒಂದು ತ್ರಿಕೋನದ ಮೇಲೆ ಗುರುತಿಸಿ ದೋಷದ ಬಗೆಯನ್ನು ಓದುವ ಕ್ರಮವನ್ನು ಕೊಟ್ಟರು. ಇಂದಿಗೂ ವರದಿ ಕೈಗೆ ಬಂದ ಕೂಡಲೇ ನಾನು ಮೊದಲು ಹಾಕುವುದು ಆ ತ್ರಿಕೋನದ ಚುಕ್ಕೆಯನ್ನೇ. ಬೆಂಗಳೂರಿನ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆಯೂ ಸೇರಿದಂತೆ ನಮ್ಮಲ್ಲಿ ಇಂಥ ಪರೀಕ್ಷೆಯನ್ನು ಬಹಳ ಚೆನ್ನಾಗಿ ಮಾಡುವ ಪ್ರಯೋಗಾಲಯಗಳಿವೆ. ತೊಂದರೆ ಇರುವುದು ಪರೀಕ್ಷೆಯ ಗುಣಮಟ್ಟದಲ್ಲಲ್ಲ. ಒಂದು ಮಾದರಿಗೂ ಮುಂದಿನ ಮಾದರಿಗೂ ನಡುವೆ ಆರು ತಿಂಗಳೋ ಒಂದು ವರ್ಷವೋ ಕಳೆಯುತ್ತದೆ, ದೋಷಕ್ಕೆ ಅಷ್ಟು ತಾಳ್ಮೆಯಿಲ್ಲ. ಎಲ್ಲ ಅನಿಲಗಳನ್ನೂ ಸ್ಥಳದಲ್ಲೇ ಅಳೆಯುವ ಆನ್‌ಲೈನ್ ಉಪಕರಣಗಳು ಬಂದಿವೆ, ಆದರೆ ಅವುಗಳ ಬೆಲೆ ಹಲವು ಲಕ್ಷ ರೂಪಾಯಿಗಳಾದ್ದರಿಂದ 220 ಮತ್ತು 400 ಕೆವಿಯ ದೊಡ್ಡ ಟ್ರಾನ್ಸ್‌ಫಾರ್ಮರುಗಳಿಗೇ ಅವು ಮೀಸಲಾಗುತ್ತವೆ.

ಅಗ್ಗದ ಸಂವೇದಕದ ಕಥೆ ವಿದ್ಯುತ್ ಇಲಾಖೆಯಿಂದಲ್ಲ, ಅಡುಗೆಮನೆಯಿಂದ ಶುರುವಾಗುತ್ತದೆ. ಜಪಾನಿನಲ್ಲಿ ಸಿಲಿಂಡರ್ ಅನಿಲದ ಬಳಕೆ ಹೆಚ್ಚಿದಂತೆ ಮನೆಗಳಲ್ಲಿ ಸ್ಫೋಟಗಳೂ ಹೆಚ್ಚಿದ ಕಾಲದಲ್ಲಿ, ಸೋರಿಕೆಯನ್ನು ಪತ್ತೆಹಚ್ಚುವ ಸಣ್ಣ ಸಾಧನವೊಂದನ್ನು ನಾವೋಯೋಶಿ ತಗುಚಿ ತವರದ ಆಕ್ಸೈಡಿನಿಂದ ತಯಾರಿಸಿ 1962ರಲ್ಲಿ ಪೇಟೆಂಟಿಗೆ ಸಲ್ಲಿಸಿದರು. ಅದೇ ವರ್ಷ ಕ್ಯೂಷು ವಿಶ್ವವಿದ್ಯಾಲಯದ ತೆತ್ಸುರೋ ಸೈಯಾಮಾ ಮತ್ತು ಸಂಗಡಿಗರು ಸತುವಿನ ಆಕ್ಸೈಡಿನ ತೆಳುಪದರ ಅನಿಲಕ್ಕೆ ಸ್ಪಂದಿಸುವುದನ್ನು ಪ್ರಕಟಿಸಿದರು. ತಗುಚಿಯವರು 1969ರಲ್ಲಿ ಕಟ್ಟಿದ ಫಿಗಾರೋ ಸಂಸ್ಥೆಯ ಸಂವೇದಕಗಳ ಹೆಸರಿನಲ್ಲಿರುವ ಟಿಜಿಎಸ್ ಎಂಬ ಮೂರಕ್ಷರದಲ್ಲಿ ಮೊದಲನೆಯದು ಅವರದೇ ಹೆಸರು.

ಒಳಗಿನ ಕೆಲಸವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಮುಂದೆ ಬರುವ ಎಲ್ಲ ತೊಡಕುಗಳೂ ಇಲ್ಲಿಂದಲೇ ಹುಟ್ಟುತ್ತವೆ. ತವರದ ಆಕ್ಸೈಡ್ ಒಂದು ಅರೆವಾಹಕ. ಅದರಲ್ಲಿ ಆಮ್ಲಜನಕದ ಪರಮಾಣುಗಳು ಅಲ್ಲಲ್ಲಿ ಕೊರತೆಯಾಗಿರುವುದರಿಂದ ಓಡಾಡಲು ಬಿಡುವಿರುವ ಎಲೆಕ್ಟ್ರಾನುಗಳು ಸಿಗುತ್ತವೆ. ಅದರ ಸೂಕ್ಷ್ಮ ಕಣಗಳನ್ನು ಒಂದು ಪಿಂಗಾಣಿ ಕೊಳವೆಯ ಮೇಲೆ ಲೇಪಿಸಿ ಸುಟ್ಟಾಗ ಅವು ರವೆ ಉಂಡೆಯಲ್ಲಿ ರವೆಯ ಕಾಳುಗಳು ಅಂಟಿಕೊಂಡಂತೆ ಒಂದಕ್ಕೊಂದು ತಾಗಿಕೊಂಡು ನಿಲ್ಲುತ್ತವೆ. ಕೊಳವೆಯೊಳಗಿನ ಸುರುಳಿ ತಂತಿ ಅದನ್ನು 300 ಡಿಗ್ರಿಯ ಆಸುಪಾಸಿಗೆ ಕಾಯಿಸುತ್ತದೆ. ಆ ಬಿಸಿಯಲ್ಲಿ ಗಾಳಿಯ ಆಮ್ಲಜನಕ ಕಣಗಳ ಮೈಗೆ ಅಂಟಿಕೊಂಡು, ಒಳಗಿನಿಂದ ಎಲೆಕ್ಟ್ರಾನುಗಳನ್ನು ಕಿತ್ತುಕೊಂಡು ಋಣ ಅಯಾನಾಗಿ ಕೂರುತ್ತದೆ. ಪ್ರತಿ ಕಣದ ಹೊರಮೈಯಲ್ಲಿ ಎಲೆಕ್ಟ್ರಾನುಗಳೇ ಇಲ್ಲದ ಒಂದು ತೆಳುವಾದ ಸಿಪ್ಪೆ ಏರ್ಪಡುತ್ತದೆ. ಒಂದು ಕಣದಿಂದ ಇನ್ನೊಂದಕ್ಕೆ ದಾಟಬೇಕಾದ ಎಲೆಕ್ಟ್ರಾನಿಗೆ ಈ ಸಿಪ್ಪೆ ಒಂದು ದಿಬ್ಬದಂತೆ ಅಡ್ಡ ಬರುತ್ತದೆ, ರೋಧ ಹೆಚ್ಚಾಗುತ್ತದೆ. ಈಗ ಹೈಡ್ರೋಜನ್ ಬಂದಿತೆನ್ನಿ. ಅದು ಮೈಮೇಲಿನ ಆಮ್ಲಜನಕದೊಂದಿಗೆ ಸೇರಿ ನೀರಾವಿಯಾಗಿ ಹಾರಿಹೋಗುತ್ತದೆ, ಕಸಿದುಕೊಂಡಿದ್ದ ಎಲೆಕ್ಟ್ರಾನು ಕಣಕ್ಕೆ ಮರಳುತ್ತದೆ, ದಿಬ್ಬ ತಗ್ಗುತ್ತದೆ, ರೋಧ ಇಳಿಯುತ್ತದೆ. ಸಂವೇದಕ ಅಳೆಯುವುದು ಈ ಇಳಿಕೆಯನ್ನು. ಸಿಪ್ಪೆಯ ದಪ್ಪ ತವರದ ಆಕ್ಸೈಡಿನಲ್ಲಿ ಸುಮಾರು 3 ನ್ಯಾನೋಮೀಟರ್; ಆದ್ದರಿಂದ ಕಣದ ಗಾತ್ರವೇ 6 ನ್ಯಾನೋಮೀಟರಿನ ಹತ್ತಿರಕ್ಕೆ ಇಳಿದಾಗ ಇಡೀ ಕಣ ಸಿಪ್ಪೆಯೇ ಆಗಿ, ಸೂಕ್ಷ್ಮತೆ ಥಟ್ಟನೆ ಏರುತ್ತದೆ ಎಂಬುದನ್ನು ಜಪಾನಿನ ಯಮಝೋಯೆ ಮತ್ತು ಸಂಗಡಿಗರು 1991ರಲ್ಲಿ ತೋರಿಸಿದರು. ನ್ಯಾನೋ ಕಡ್ಡಿ, ನ್ಯಾನೋ ತಂತಿ ಎಂದು ಆಮೇಲೆ ಪ್ರಪಂಚದಾದ್ಯಂತ ನಡೆದ ಕೆಲಸಕ್ಕೆ ಒಂದು ಮುಖ್ಯ ಪ್ರೇರಣೆ ಇದೇ, ಬೆಂಗಳೂರಿನಲ್ಲಿ ಸಿ.ಎನ್.ಆರ್. ರಾವ್ ಅವರ ತಂಡವೂ ಸತುವಿನ ಆಕ್ಸೈಡಿನ ಇಂಥ ರಚನೆಗಳಿಂದ ಹೈಡ್ರೋಜನ್ ಪತ್ತೆಹಚ್ಚುವ ಕೆಲಸ ಮಾಡಿದೆ. ಪಲ್ಲಾಡಿಯಂ ಅಥವಾ ಪ್ಲಾಟಿನಂನ ಲೇಶವನ್ನು ಕಣಗಳ ಮೇಲೆ ಹರಡಿದರೆ ಹೈಡ್ರೋಜನ್ ಇನ್ನೂ ಸುಲಭವಾಗಿ ಒಡೆದು ಪ್ರತಿಕ್ರಿಯಿಸುತ್ತದೆ.

ಇಷ್ಟನ್ನು ಓದಿದ ಮೇಲೆ ನಾನು ಮಾಡಿದ ಮೊದಲ ಕೆಲಸ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌ಪಿ ರಸ್ತೆಗೆ ಹೋದದ್ದು. ಎಂಕ್ಯೂ-8 ಎಂಬ ಹೈಡ್ರೋಜನ್ ಸಂವೇದಕ ಅಲ್ಲಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಬೆರಳಿನ ತುದಿಯಷ್ಟು ಅಗಲ, ಮೇಲೆ ಎರಡು ಪದರದ ಸ್ಟೀಲ್ ಜಾಲರಿ, ಕೆಳಗೆ ಆರು ಕಾಲುಗಳು. ಆ ಜಾಲರಿ ಅಲಂಕಾರಕ್ಕಲ್ಲ. ಒಳಗೆ ಕಾದ ತಂತಿಯಿದೆ, ಹೊರಗೆ ಉರಿಯುವ ಅನಿಲವಿರಬಹುದು. ಒಳಗೆ ಹೊತ್ತಿದರೂ ಜ್ವಾಲೆ ಆ ಜಾಲರಿಯನ್ನು ದಾಟುವಷ್ಟರಲ್ಲಿ ತಣ್ಣಗಾಗಬೇಕು. ಎಣ್ಣೆ ತುಂಬಿದ ಯಂತ್ರದ ಬಳಿ ಇಂಥದ್ದನ್ನು ಇಡುವಾಗ ಈ ಒಂದು ವಿಷಯದಲ್ಲಿ ಯಾವ ರಾಜಿಯೂ ಇರಬಾರದೆಂದು ನಾನು ಇಂದಿಗೂ ಪಟ್ಟು ಹಿಡಿಯುತ್ತೇನೆ.

ಪರಿಚಯದ ಎಂಜಿನಿಯರಿಂಗ್ ಕಾಲೇಜೊಂದರ ಪ್ರಾಧ್ಯಾಪಕರು ತಮ್ಮ ಪ್ರಯೋಗಶಾಲೆಯ ಒಂದು ಮೂಲೆಯನ್ನು ಬಿಟ್ಟುಕೊಟ್ಟರು. ಗಾಜಿನ ಭರಣಿಯಲ್ಲಿ ಎಣ್ಣೆ, ಮೇಲೆ ಸ್ವಲ್ಪ ಖಾಲಿ ಜಾಗ, ಆ ಜಾಗದಲ್ಲಿ ಸಂವೇದಕ. ಗೊತ್ತಿರುವ ಪ್ರಮಾಣದ ಹೈಡ್ರೋಜನ್ ಕರಗಿಸಿದ ಎಣ್ಣೆ ಹಾಕಿ, ಖಾಲಿ ಜಾಗಕ್ಕೆ ಎಷ್ಟು ಬರುತ್ತದೆ ಎಂದು ನೋಡುವುದು ನಮ್ಮ ಉದ್ದೇಶ. ಇಲ್ಲಿ ಹೈಡ್ರೋಜನ್ ನಮಗೆ ತಾನಾಗಿ ಒಂದು ಉಪಕಾರ ಮಾಡುತ್ತದೆ. ಅನಿಲವೊಂದು ಎಣ್ಣೆ ಮತ್ತು ಅದರ ಮೇಲಿನ ಗಾಳಿಯ ನಡುವೆ ಹೇಗೆ ಹಂಚಿಕೊಳ್ಳುತ್ತದೆ ಎಂಬುದನ್ನು ಓಸ್ಟ್‌ವಾಲ್ಡ್ ಗುಣಾಂಕ ಹೇಳುತ್ತದೆ; 20 ಡಿಗ್ರಿಯಲ್ಲಿ ಹೈಡ್ರೋಜನ್ನಿಗೆ ಅದು 0.05, ಕಾರ್ಬನ್ ಮಾನಾಕ್ಸೈಡಿಗೆ 0.12, ಮೀಥೇನಿಗೆ 0.43, ಅಸಿಟಿಲೀನಿಗೆ 1.20, ಎಥಿಲೀನಿಗೆ 1.70. ಅಂದರೆ ಹೈಡ್ರೋಜನ್ನಿಗೆ ಎಣ್ಣೆಯಲ್ಲಿರಲು ಮನಸ್ಸೇ ಇಲ್ಲ. ಎಣ್ಣೆಯಲ್ಲಿ 100 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗಕ್ಕೆ 100 ಭಾಗ, ಹೈಡ್ರೋಜನ್ ಇದ್ದು, ಖಾಲಿ ಜಾಗ ಎಣ್ಣೆಯ ಹತ್ತನೇ ಒಂದು ಭಾಗವಿದ್ದರೆ, ಸಮತೋಲನದಲ್ಲಿ ಆ ಜಾಗದ ಗಾಳಿಯಲ್ಲಿ 660 ಪಿಪಿಎಂಗೂ ಹೆಚ್ಚು ಇರುತ್ತದೆ. ಖಾಲಿ ಜಾಗ ತೀರಾ ಕಿರಿದಾದರೆ 2000ದ ಹತ್ತಿರಕ್ಕೂ ಹೋಗಬಹುದು. ಅಗ್ಗದ ಸಂವೇದಕಕ್ಕೂ ಇದು ಸ್ಪಷ್ಟವಾಗಿ ಕಾಣುವ ಮಟ್ಟ. ಅಸಿಟಿಲೀನಿನ ಪಾಡು ಬೇರೆ. ನಾವು ಎಚ್ಚೆತ್ತುಕೊಳ್ಳಬೇಕಾದದ್ದು ಕೆಲವೇ ಪಿಪಿಎಂಗೆ, ಆದರೆ ಅದು ಎಣ್ಣೆಯಲ್ಲೇ ಉಳಿಯಲು ಇಷ್ಟಪಡುವುದರಿಂದ ಗಾಳಿಗೆ ಬರುವ ಹೊತ್ತಿಗೆ ಇನ್ನೂ ಕಡಿಮೆಯಾಗಿರುತ್ತದೆ. ಯಾವುದು ಹೆಚ್ಚು ಮುಖ್ಯವೋ ಅದೇ ಹೆಚ್ಚು ಕಷ್ಟ.

ಮೊದಲ ಮೂರು ವಾರ ಎಲ್ಲವೂ ಸರಿಯಾಗಿ ನಡೆಯಿತು. ಸಂವೇದಕವನ್ನು ಎರಡು ದಿನ ಸುಮ್ಮನೆ ಕಾಯಿಸಿಟ್ಟು ಸ್ಥಿರಗೊಳಿಸಿದ ಮೇಲೆ, ರೋಧವನ್ನು ಅನಿಲದ ಪ್ರಮಾಣದೆದುರು ಲಾಗ್ ಕಾಗದದ ಮೇಲೆ ಗುರುತಿಸಿದರೆ ಪುಸ್ತಕದಲ್ಲಿದ್ದಂತೆಯೇ ನೇರ ಗೆರೆ ಬರುತ್ತಿತ್ತು. ನಾಲ್ಕನೆಯ ವಾರದಿಂದ ಅದು ವಿಚಿತ್ರವಾಗಿ ವರ್ತಿಸತೊಡಗಿತು. ಕಾರ್ಬನ್ ಮಾನಾಕ್ಸೈಡಿಗೆ ಕೊಡುತ್ತಿದ್ದ ಪ್ರತಿಕ್ರಿಯೆ ಬಹುಪಾಲು ಕುಂದಿತು, ಹೈಡ್ರೋಜನ್ನಿಗೆ ಪ್ರತಿಕ್ರಿಯೆ ಉಳಿದರೂ ಅದು ಏರಿ ಇಳಿಯುವುದು ನಿಧಾನವಾಯಿತು. ವೈರಿಂಗ್ ನೋಡಿದೆವು, ಹೀಟರಿನ ವೋಲ್ಟೇಜ್ ನೋಡಿದೆವು, ಇನ್ನೊಂದು ಸಂವೇದಕ ಹಾಕಿದರೆ ಅದೂ ಕೆಲವು ವಾರಗಳಲ್ಲಿ ಅದೇ ದಾರಿ ಹಿಡಿಯಿತು. ಕಾರಣ ನಮ್ಮ ಕಣ್ಣೆದುರೇ ಇತ್ತು: ಭರಣಿಯ ಮುಚ್ಚಳವನ್ನು ನಾವು ಸಿಲಿಕೋನ್ ಸೀಲಂಟಿನಿಂದ ಬಿಗಿ ಮಾಡಿದ್ದೆವು. ಸೀಲಂಟಿನಿಂದ ಸದಾ ಸ್ವಲ್ಪ ಸ್ವಲ್ಪವಾಗಿ ಏಳುವ ಸಿಲಾಕ್ಸೇನ್ ಆವಿ ಕಾದ ಆಕ್ಸೈಡಿನ ಮೇಲೆ ಕುಳಿತು ಉರಿದು ಸಿಲಿಕಾದ, ಅಂದರೆ ಗಾಜಿನಂಥದೇ ಒಂದು ಪೊರೆಯಾಗುತ್ತದೆ. ತವರದ ಆಕ್ಸೈಡ್ ಸಂವೇದಕಗಳಿಗೆ ಇದು ಪ್ರಸಿದ್ಧವಾದ ವಿಷ, ತಯಾರಕರ ಸೂಚನಾ ಪತ್ರದಲ್ಲೂ ಬರೆದಿರುತ್ತದೆ. ನಾವು ಓದಿಯೂ ಲಕ್ಷ್ಯಕ್ಕೆ ತೆಗೆದುಕೊಂಡಿರಲಿಲ್ಲ. ಸಬ್‌ಸ್ಟೇಷನ್ನಿನಲ್ಲಿ ಕೆಲಸ ಮಾಡುವವರಿಗೆ ಇದು ಬಹಳ ಮುಖ್ಯ, ಏಕೆಂದರೆ ನಮ್ಮಲ್ಲಿ ಸಿಲಿಕೋನ್ ಇಲ್ಲದ ಜಾಗವೇ ಇಲ್ಲ. ಇನ್ಸುಲೇಟರಿಗೆ ಸಿಲಿಕೋನ್ ಗ್ರೀಸ್ ಬಳಿಯುತ್ತೇವೆ, ಕೇಬಲ್ ಪೆಟ್ಟಿಗೆಯ ಸಂದಿಗೆ ಸಿಲಿಕೋನ್ ಸೀಲಂಟ್ ತುಂಬುತ್ತೇವೆ.

ಕುತೂಹಲದ ಸಂಗತಿಯೆಂದರೆ ಇದೇ ಪೊರೆಯನ್ನು ಬೇಕೆಂದೇ, ಹದವಾದ ದಪ್ಪದಲ್ಲಿ ಕೂರಿಸಿದರೆ ಅದು ಜರಡಿಯಾಗುತ್ತದೆ. ಹೈಡ್ರೋಜನ್ ಅಣು ಸಣ್ಣದು, ಪೊರೆಯ ಸಂದಿಗಳಲ್ಲಿ ನುಸುಳುತ್ತದೆ. ಕಾರ್ಬನ್ ಮಾನಾಕ್ಸೈಡ್, ಮೀಥೇನ್‌ಗಳಿಗೆ ದಾರಿ ಕಷ್ಟವಾಗುತ್ತದೆ, ಆಮ್ಲಜನಕವೂ ತಡವಾಗಿ ಒಳಹೋಗುತ್ತದೆ. ಹೀಗೆ ಹೈಡ್ರೋಜನ್ನನ್ನು ಆರಿಸಿ ನೋಡುವ ಸಂವೇದಕವನ್ನು ಜಪಾನಿನ ಸಂಶೋಧಕರು 1990ರ ದಶಕದಲ್ಲೇ ಮಾಡಿ ತೋರಿಸಿದ್ದಾರೆ. ನಮ್ಮ ಭರಣಿಯಲ್ಲಿ ಆದದ್ದು ಇದರದೇ ಅಡ್ಡಾದಿಡ್ಡಿ ರೂಪ. ಹದ ತಪ್ಪಿದರೆ ವಿಷ, ಹದವಾಗಿದ್ದರೆ ಜರಡಿ. ಆ ಹದವನ್ನು ಕಾರ್ಖಾನೆಯಲ್ಲಿ ಹಿಡಿಯಬೇಕು, ಸಬ್‌ಸ್ಟೇಷನ್ನಿನ ಸೀಲಂಟಿಗೆ ಬಿಡಬಾರದು. ಆಮೇಲೆ ನಾವು ಮುಚ್ಚಳಕ್ಕೆ ಟೆಫ್ಲಾನ್ ಗ್ಯಾಸ್ಕೆಟ್ ಹಾಕಿದೆವು.

ಎರಡನೆಯ ತೊಡಕು ಆಮ್ಲಜನಕದ್ದು. ಮೇಲೆ ಹೇಳಿದ ಇಡೀ ಕ್ರಿಯೆ ಗಾಳಿಯ ಆಮ್ಲಜನಕವನ್ನು ನಂಬಿಕೊಂಡಿದೆ. ಬ್ರೀದರ್ ಮೂಲಕ ಉಸಿರಾಡುವ ಹಳೆಯ ಟ್ರಾನ್ಸ್‌ಫಾರ್ಮರಿನ ಎಣ್ಣೆಯಲ್ಲಿ ಆಮ್ಲಜನಕ ಸಾಕಷ್ಟಿರುತ್ತದೆ, ಆದರೆ ಕನ್ಸರ್ವೇಟರಿನೊಳಗೆ ರಬ್ಬರ್ ಚೀಲವಿರುವ ಮಾದರಿಗಳಲ್ಲಿ ಅಥವಾ ಸಾರಜನಕದ ಹೊದಿಕೆಯಿರುವಲ್ಲಿ ಅದು ತೀರಾ ಕಡಿಮೆ. ಅಂಥ ಎಣ್ಣೆಯಿಂದ ಹೊರಬಂದ ಅನಿಲವನ್ನು ನೇರವಾಗಿ ಸಂವೇದಕಕ್ಕೆ ಕೊಟ್ಟರೆ, ಕಣಗಳ ಮೈಮೇಲೆ ಆಮ್ಲಜನಕವೇ ಸಾಲದೆ ರೋಧ ತಾನಾಗಿ ಇಳಿದು, ಇಲ್ಲದ ಹೈಡ್ರೋಜನ್ ಇದ್ದಂತೆ ತೋರುತ್ತದೆ. ಆದ್ದರಿಂದ ಎಣ್ಣೆಯ ಕಡೆ ಅನಿಲವನ್ನು ಮಾತ್ರ ಹೊರಬಿಡುವ ಒಂದು ಪೊರೆ, ಇನ್ನೊಂದು ಕಡೆ ಒಣಗಿಸಿದ ಗಾಳಿಯ ಸಣ್ಣ ಹರಿವು, ಎರಡೂ ಸೇರುವ ಜಾಗದಲ್ಲಿ ಸಂವೇದಕ ಎಂಬ ಜೋಡಣೆ ಬೇಕಾಗುತ್ತದೆ. ಸಂವೇದಕಕ್ಕೆ ಕೆಲವು ನೂರು ರೂಪಾಯಿ ಸಾಕು ಎನ್ನುವವರು ಈ ಪೊರೆ, ಪಂಪು, ಒಣಗಿಸುವ ಕೊಳವೆಗಳ ಲೆಕ್ಕವನ್ನು ಮರೆಯುತ್ತಾರೆ.

ಒಣಗಿಸಿದ ಗಾಳಿ ಎಂದೆ. ತೇವಾಂಶವೇ ಮೂರನೆಯ ತೊಡಕು, ನನ್ನ ಮಟ್ಟಿಗೆ ಎಲ್ಲಕ್ಕಿಂತ ಹಟಮಾರಿಯಾದದ್ದು. ನೀರಾವಿ ಕಣಗಳ ಮೈಮೇಲೆ ಹೈಡ್ರಾಕ್ಸಿಲ್ ಆಗಿ ಕುಳಿತು ರೋಧವನ್ನು ಇಳಿಸುತ್ತದೆ, ಅನಿಲಕ್ಕೆ ಸಿಗಬೇಕಾದ ಜಾಗವನ್ನೂ ಆಕ್ರಮಿಸುತ್ತದೆ. ಏಪ್ರಿಲ್‌ನ ರಾಯಚೂರಿನಲ್ಲಿ ಹೊಂದಿಸಿದ ಸಂವೇದಕವನ್ನು ಜುಲೈಯಲ್ಲಿ ಉಡುಪಿಗೆ ಒಯ್ದರೆ ಅದು ಬೇರೆಯೇ ಭಾಷೆ ಮಾತನಾಡುತ್ತದೆ. ಬ್ರೀದರಿನ ಸಿಲಿಕಾ ಜೆಲ್ ನೀಲಿಯಿಂದ ಗುಲಾಬಿಗೆ ತಿರುಗುವುದನ್ನು ನೋಡಿ ನಾವು ಮಳೆಗಾಲದ ಬಲವನ್ನು ಅಂದಾಜಿಸುತ್ತೇವೆ. ಸಂವೇದಕದ ಪಕ್ಕದಲ್ಲೂ ತೇವಾಂಶ ಮತ್ತು ಉಷ್ಣತೆಯನ್ನು ಅಳೆಯುವ ಇನ್ನೊಂದು ಚಿಪ್ ಇಟ್ಟು, ಪ್ರತಿ ಓದನ್ನೂ ಅದರಿಂದ ತಿದ್ದಬೇಕು. ತಿದ್ದದೆ ಇಟ್ಟರೆ ಮೊದಲ ಮಳೆಗೇ ಸುಳ್ಳು ಅಲಾರಂ ಬರುತ್ತದೆ. ಮೂರು ಸುಳ್ಳು ಅಲಾರಂ ಕೊಟ್ಟ ಉಪಕರಣದ ಫ್ಯೂಸನ್ನು ನಮ್ಮ ಆಪರೇಟರುಗಳು ನಾಲ್ಕನೆಯ ಸಲ ತೆಗೆದಿಡುತ್ತಾರೆ, ಅದು ಅವರ ತಪ್ಪೂ ಅಲ್ಲ.

ಇನ್ನು ಅನಿಲಗಳನ್ನು ಬೇರೆ ಬೇರೆಯಾಗಿ ಗುರುತಿಸುವ ಪ್ರಶ್ನೆ. ಆಕ್ಸೈಡಿನ ಮೈಮೇಲೆ ಉರಿಯಬಲ್ಲ ಯಾವ ಅನಿಲ ಬಂದರೂ ರೋಧ ಇಳಿಯುತ್ತದೆ; ಹೈಡ್ರೋಜನ್ನೋ, ಎಥಿಲೀನೋ, ಪಕ್ಕದಲ್ಲಿ ಯಾರೋ ಬಳಿದ ಬಣ್ಣದ ತಿನ್ನರೋ ಎಂದು ಒಂದೇ ಸಂವೇದಕ ಹೇಳಲಾರದು. ದುವಾಲರ ತ್ರಿಕೋನಕ್ಕೆ ಬೇಕಾದ ಮೂರು ಅಂಕಿಗಳನ್ನು ಅದರಿಂದ ನಿರೀಕ್ಷಿಸುವುದು ಸರಿಯಲ್ಲ. ಚೀನಾದ ಸಂಶೋಧಕರು, ಮುಖ್ಯವಾಗಿ ಚೋಂಗ್‌ಚಿಂಗ್ ವಿಶ್ವವಿದ್ಯಾಲಯದವರು, ಟ್ರಾನ್ಸ್‌ಫಾರ್ಮರ್ ಎಣ್ಣೆಯ ಅನಿಲಗಳಿಗೆಂದೇ ತವರದ ಆಕ್ಸೈಡಿಗೆ ಬೇರೆ ಬೇರೆ ಲೋಹಗಳನ್ನು ಬೆರೆಸಿ ಬಹಳ ಕೆಲಸ ಮಾಡಿದ್ದಾರೆ. ಸಮೇರಿಯಂ ಆಕ್ಸೈಡ್ ಬೆರೆಸಿದ್ದು ಅಸಿಟಿಲೀನಿಗೆ ಚೆನ್ನಾಗಿ ಸ್ಪಂದಿಸುತ್ತದೆ ಎಂಬಂಥ ಫಲಿತಾಂಶಗಳು ಆಶಾದಾಯಕ. ಹಲವು ಸಂವೇದಕಗಳನ್ನು ಒಟ್ಟಿಗೆ ಕೂರಿಸಿ, ಅಥವಾ ಒಂದನ್ನೇ ಬೇರೆ ಬೇರೆ ಉಷ್ಣತೆಗಳಲ್ಲಿ ಕಾಯಿಸಿ, ಬರುವ ಸಂಕೇತಗಳ ವಿನ್ಯಾಸದಿಂದ ಅನಿಲವನ್ನು ಊಹಿಸುವ ದಾರಿಯೂ ಇದೆ. ಆದರೆ ಪ್ರಯೋಗಶಾಲೆಯ ಶುದ್ಧ ಗಾಳಿಯಲ್ಲಿ ಒಂದೊಂದೇ ಅನಿಲ ಕೊಟ್ಟು ಬಂದ ಫಲಿತಾಂಶಕ್ಕೂ, ಏಳು ಅನಿಲಗಳು ಒಟ್ಟಿಗಿರುವ, ಎಣ್ಣೆಯ ಆವಿ ಬೆರೆತ, ಹಗಲು 70 ಡಿಗ್ರಿ ರಾತ್ರಿ 40 ಡಿಗ್ರಿ ಆಗುವ ಟ್ಯಾಂಕಿಗೂ ಬಹಳ ದೂರವಿದೆ ಎಂಬುದನ್ನು ಇಂಥ ಲೇಖನ ಓದುವಾಗಲೆಲ್ಲ ನಾನು ನೆನಪಿಸಿಕೊಳ್ಳುತ್ತೇನೆ.

ಎಣ್ಣೆಯಿಲ್ಲದ ಉಪಕರಣಗಳಲ್ಲೂ ಇವುಗಳಿಗೆ ಒಂದು ಜಾಗವಿದೆ. ಜಾಗ ದುಬಾರಿಯಾದ ನಗರಗಳಲ್ಲಿ ಕಟ್ಟುವ ಗ್ಯಾಸ್ ಇನ್ಸುಲೇಟೆಡ್ ಸಬ್‌ಸ್ಟೇಷನ್ನುಗಳಲ್ಲಿ ಎಸ್‌ಎಫ್6, ಅಂದರೆ ಸಲ್ಫರ್ ಹೆಕ್ಸಾಫ್ಲೋರೈಡ್ ಎಂಬ ನಿರೋಧಕ ಅನಿಲ ತುಂಬಿರುತ್ತದೆ. ಒಳಗೆ ಡಿಸ್ಚಾರ್ಜ್ ನಡೆದರೆ ಅದು ಒಡೆದು, ಉಳಿದ ತೇವಾಂಶದೊಂದಿಗೆ ಸೇರಿ, ಸಲ್ಫರ್ ಡೈಆಕ್ಸೈಡ್, ಥಯೋನಿಲ್ ಫ್ಲೋರೈಡ್, ಹೈಡ್ರೋಜನ್ ಫ್ಲೋರೈಡ್ ಮುಂತಾದವುಗಳನ್ನು ಹುಟ್ಟಿಸುತ್ತದೆ. ದೋಷ ತೀವ್ರವಾಗಿದ್ದಾಗ ಹೈಡ್ರೋಜನ್ ಸಲ್ಫೈಡ್ ಕೂಡ ಸಿಗುತ್ತದೆ. ತವರದ ಆಕ್ಸೈಡಿನ ಮೇಲೆ ತಾಮ್ರದ ಆಕ್ಸೈಡಿನ ಕಣಗಳನ್ನು ಹರಡಿದ ಸಂವೇದಕ ಈ ಹೈಡ್ರೋಜನ್ ಸಲ್ಫೈಡಿಗೆ ಕೊಡುವ ಪ್ರತಿಕ್ರಿಯೆ ನನಗೆ ಈ ಇಡೀ ಕ್ಷೇತ್ರದಲ್ಲೇ ಅತ್ಯಂತ ಸೊಗಸಾಗಿ ಕಾಣುವ ಸಂಗತಿ. ಎರಡು ಆಕ್ಸೈಡುಗಳ ಗಡಿಯಲ್ಲಿ ವಿದ್ಯುತ್ತಿಗೆ ದೊಡ್ಡ ತಡೆಯಿರುತ್ತದೆ. ಹೈಡ್ರೋಜನ್ ಸಲ್ಫೈಡ್ ಬಂದ ಕೂಡಲೇ ತಾಮ್ರದ ಆಕ್ಸೈಡ್ ತಾಮ್ರದ ಸಲ್ಫೈಡಾಗುತ್ತದೆ, ಅದು ಲೋಹದಂತೆ ವಿದ್ಯುತ್ತನ್ನು ಹರಿಯಬಿಡುತ್ತದೆ, ತಡೆಯೇ ಕುಸಿದು ರೋಧ ಹಲವು ಪಟ್ಟು ಬೀಳುತ್ತದೆ. ಮತ್ತೆ ಮೊದಲಿನಂತಾಗಲು ಮಾತ್ರ ಅದಕ್ಕೆ ಗಾಳಿ ಬೇಕು, ಎಸ್‌ಎಫ್6 ತುಂಬಿದ ಕೋಣೆಯಲ್ಲಿ ಗಾಳಿಯಿಲ್ಲ. ಜೊತೆಗೆ ಎಸ್‌ಎಫ್6 ಹಸಿರುಮನೆ ಅನಿಲವಾಗಿ ಕಾರ್ಬನ್ ಡೈಆಕ್ಸೈಡಿಗಿಂತ ನೂರು ವರ್ಷಗಳ ಲೆಕ್ಕದಲ್ಲಿ 23,000ಕ್ಕೂ ಹೆಚ್ಚು ಪಟ್ಟು ತೀವ್ರವಾದ್ದರಿಂದ, ಪರೀಕ್ಷೆಗೆಂದು ಅದನ್ನು ಪದೇ ಪದೇ ಹೊರಬಿಡುವುದೂ ತಪ್ಪು. ಈ ಕೆಲಸವನ್ನು ನಾನು ಕೈಯಾರೆ ಮಾಡಿಲ್ಲವಾದ್ದರಿಂದ ಇಷ್ಟಕ್ಕೇ ನಿಲ್ಲಿಸುತ್ತೇನೆ.

ಹಾಗಾದರೆ ಇವುಗಳನ್ನು ಎಲ್ಲಿ ಹಾಕಬೇಕು? ಊರಿನ ಟಿಸಿಗಳಿಗೆಲ್ಲ, ಅಂದರೆ ಬೀದಿಬದಿಯ ಸಣ್ಣ ಟ್ರಾನ್ಸ್‌ಫಾರ್ಮರುಗಳಿಗೆಲ್ಲ, ಒಂದೊಂದು ಹಾಕಿಬಿಡಬಹುದಲ್ಲ ಎಂದು ಗೆಳೆಯರು ಕೇಳುತ್ತಾರೆ. ನನ್ನ ಅಭಿಪ್ರಾಯದಲ್ಲಿ ಬೇಡ. 25 ಅಥವಾ 63 ಕೆವಿಎ ಟಿಸಿಗಳು ಸುಡುವುದು ಹೆಚ್ಚಾಗಿ ಮಿತಿಮೀರಿದ ಲೋಡಿನಿಂದ, ಎಣ್ಣೆ ಸೋರಿ ಮಟ್ಟ ಇಳಿದದ್ದರಿಂದ, ಸರಿಯಾದ ಫ್ಯೂಸ್ ಇಲ್ಲದ್ದರಿಂದ. ಅಲ್ಲಿಗೆ ಬೇಕಾದದ್ದು ಲೋಡ್ ಸಮ ಮಾಡುವ ಕೆಲಸ ಮತ್ತು ಎಣ್ಣೆ ತುಂಬಿಸುವ ಕೈಗಳು. ಸಂವೇದಕದ ನಿಜವಾದ ಜಾಗ 66/11 ಕೆವಿಯ 8ರಿಂದ 20 ಎಂವಿಎ ಟ್ರಾನ್ಸ್‌ಫಾರ್ಮರುಗಳ ಮೇಲೆ. ಇವು ಸಂಖ್ಯೆಯಲ್ಲಿ ಬಹಳ, ಒಂದು ಹೋದರೆ ಒಂದು ಹೋಬಳಿಯೇ ಕತ್ತಲಾಗುತ್ತದೆ, ಆದರೆ ಲಕ್ಷಗಟ್ಟಲೆ ಬೆಲೆಯ ಉಪಕರಣ ಹಾಕುವಷ್ಟು ದೊಡ್ಡವೂ ಅಲ್ಲ. ಅಲ್ಲಿ ಹೈಡ್ರೋಜನ್ನಿನ ಏರಿಳಿತವನ್ನು ಗಂಟೆಗೊಮ್ಮೆ ಬರೆದಿಡುವ ಒಂದು ಸಾಧನವಿದ್ದರೆ, ಅದು ಹೇಳುವ ಅಂಕಿ ಹತ್ತು ಇಪ್ಪತ್ತು ಶೇಕಡಾ ತಪ್ಪಾದರೂ ಚಿಂತೆಯಿಲ್ಲ. ಏರಿಕೆ ಯಾವತ್ತು ಶುರುವಾಯಿತು, ಲೋಡಿನೊಂದಿಗೆ ಏರುತ್ತಿದೆಯೋ ಇಲ್ಲವೋ ಎಂಬುದು ತಿಳಿದರೆ ಸಾಕು. ಆಗ ಸಿರಿಂಜು ಹಿಡಿದು ಹೋಗಬೇಕಾದ ದಿನವನ್ನು ಕ್ಯಾಲೆಂಡರಿನ ಬದಲು ಟ್ರಾನ್ಸ್‌ಫಾರ್ಮರೇ ಹೇಳುತ್ತದೆ.

ಕಳೆದ ಬೇಸಿಗೆಯ ಆರಂಭದಲ್ಲಿ, ಅನುಮತಿ ಪಡೆದು, ಅಂಥ ಒಂದು 12.5 ಎಂವಿಎ ಟ್ರಾನ್ಸ್‌ಫಾರ್ಮರಿನ ಮೇಲೆ ನಮ್ಮ ಜೋಡಣೆಯನ್ನು ಕೂರಿಸಿದೆವು. ಎರಡು ವಾರ ರೇಖೆ ಮಟ್ಟಸವಾಗಿತ್ತು. ಮಾರ್ಚ್ ಕೊನೆಯಲ್ಲಿ ಪಂಪ್‌ಸೆಟ್ ಲೋಡ್ ಜೋರಾದಂತೆ ಹೈಡ್ರೋಜನ್ ಮೇಲೇರತೊಡಗಿತು; ಮಧ್ಯಾಹ್ನ ಎಣ್ಣೆ ಬಿಸಿಯಾದಾಗ ಏರಿಕೆ, ಬೆಳಗಿನ ಜಾವ ಸ್ವಲ್ಪ ಇಳಿಕೆ, ಆದರೆ ಒಟ್ಟಿನಲ್ಲಿ ವಾರದಿಂದ ವಾರಕ್ಕೆ ಮೇಲಕ್ಕೇ. ಆ ಫೆಬ್ರವರಿಯ ಟ್ರಾನ್ಸ್‌ಫಾರ್ಮರ್ ನೆನಪಾಗಿ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ. ಮರುದಿನವೇ ಮಾದರಿ ತೆಗೆದೆವು. ವರದಿಯಲ್ಲಿ ಹೈಡ್ರೋಜನ್ ನಿಜವಾಗಿಯೂ ಹೆಚ್ಚಿತ್ತು, ಮೀಥೇನ್ ಸ್ವಲ್ಪ ಇತ್ತು, ಎಥಿಲೀನ್ ಲೆಕ್ಕಕ್ಕಿಲ್ಲ, ಅಸಿಟಿಲೀನ್ ಇಲ್ಲವೇ ಇಲ್ಲ, ಕಾರ್ಬನ್ ಮಾನಾಕ್ಸೈಡ್ ಮೊದಲಿನಷ್ಟೇ. ದಾಖಲೆ ತೆಗೆದು ನೋಡಿದರೆ ಹಿಂದಿನ ವರ್ಷದ ಕೊನೆಯಲ್ಲಿ ಆ ಟ್ರಾನ್ಸ್‌ಫಾರ್ಮರಿಗೆ ಹೊಸ ಎಣ್ಣೆ ತುಂಬಿಸಲಾಗಿತ್ತು. ಕೆಲವು ಎಣ್ಣೆಗಳು ಹೊಸದರಲ್ಲಿ, ಯಾವ ದೋಷವೂ ಇಲ್ಲದೆ, ಸಾಧಾರಣ ಬಿಸಿಗೇ ಹೈಡ್ರೋಜನ್ ಬಿಡುತ್ತವೆ, ಕಾಲಕ್ರಮದಲ್ಲಿ ಅದು ನಿಲ್ಲುತ್ತದೆ. ಇದೂ ಅದೇ ಇರಬೇಕೆಂದು ನಾವು ತೀರ್ಮಾನಿಸಿ, ಟ್ರಾನ್ಸ್‌ಫಾರ್ಮರನ್ನು ತೆರೆಯದೆ ಸೇವೆಯಲ್ಲೇ ಬಿಟ್ಟು, ತಿಂಗಳಿಗೊಮ್ಮೆ ಮಾದರಿ ತೆಗೆಯುವುದೆಂದು ಬರೆದುಕೊಂಡೆವು.

ಅಂದಿನಿಂದ ನಾಲ್ಕು ಮಾದರಿ ತೆಗೆದಿದ್ದೇವೆ. ಎರಡನೆಯದರಲ್ಲಿ ಹೈಡ್ರೋಜನ್ ಇನ್ನಷ್ಟು ಏರಿತ್ತು, ಮೂರನೆಯದರಲ್ಲಿ ಅಲ್ಲೇ ನಿಂತಿತ್ತು, ನಾಲ್ಕನೆಯದರಲ್ಲಿ ತುಸು ಇಳಿದಿದೆ; ಸಂವೇದಕದ ರೇಖೆಯೂ ಅದೇ ಆಕಾರದಲ್ಲಿ ಬಾಗಿದೆ, ಮಳೆ ಶುರುವಾದ ವಾರವೊಂದನ್ನು ಬಿಟ್ಟು. ಆ ವಾರದ ತಿದ್ದುಪಡಿಯ ಲೆಕ್ಕವನ್ನು ಪ್ರಾಧ್ಯಾಪಕರ ವಿದ್ಯಾರ್ಥಿಗಳು ಮತ್ತೆ ಮಾಡುತ್ತಿದ್ದಾರೆ. ಐದನೆಯ ಮಾದರಿ ಬರುವ ಸೋಮವಾರ. ಸಿರಿಂಜನ್ನು ತೊಳೆದು ಒಣಗಿಸಿ ಇಟ್ಟಿದ್ದೇನೆ.